ಮನೆಯಲ್ಲಿ ಮಾಡಿದ ರಿಮೋಟ್ ಕಾರು ಮಣ್ಣಿನಲ್ಲೂ ಓಡಬೇಕಾದರೆ

ಟೈಲ್ಸ್ ನೆಲದ ಮೇಲೆ ಚೆನ್ನಾಗಿ ಓಡುವ ಕಾರು ಕೋಲಾರದ ಕೆಮ್ಮಣ್ಣಿನ ಮೈದಾನಕ್ಕೆ ಇಳಿದ ಕೂಡಲೇ ಗುಂಯ್ ಎಂದು ನಿಂತುಬಿಡುತ್ತದೆ. ಆಗ ಹೆಚ್ಚಿನವರು ದೊಡ್ಡ ಮೋಟರ್ ಹುಡುಕಲು ಹೊರಡುತ್ತಾರೆ. ಅದಕ್ಕೂ ಮೊದಲು ಮೋಟರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಚಕ್ರ ಗಾಳಿಯಲ್ಲಿ ತಿರುಗುವಾಗಿನ ಅಳತೆ ಬೇಡ. ಪೂರ್ತಿ ಥ್ರಾಟಲ್ ಕೊಟ್ಟು, ಕಾರು ಮಣ್ಣಿನಲ್ಲಿ ಎಳೆಯುತ್ತಿರುವಾಗ ಎಷ್ಟು ವೋಲ್ಟ್ ಉಳಿದಿದೆ ನೋಡಿ. ವೋಲ್ಟೇಜ್ ಬಿದ್ದಾಗ ಬೋರ್‌ವೆಲ್ ಮೋಟರ್ ನೀರೆತ್ತದೆ ಸುಡುತ್ತದೆ ಎಂಬುದು ಈ ಕಡೆ ಯಾರಿಗೂ ಹೊಸದಲ್ಲ. ಇಲ್ಲಿ ಆಗುವುದೂ ಅದೇ.

ಮೊದಲ ಅಪರಾಧಿ 9 ವೋಲ್ಟಿನ ಚೌಕ ಬ್ಯಾಟರಿ. ಅದರ ಒಳರೋಧ ಹೆಚ್ಚು. ಅರ್ಧ ಆಂಪಿಯರ್ ಕೇಳಿದರೂ ಕುಸಿಯುತ್ತದೆ. ನಾಲ್ಕು ಹಳದಿ ಬಿಒ ಮೋಟರ್ (ಪ್ಲಾಸ್ಟಿಕ್ ಗೇರಿನ ಚಿಕ್ಕ ಮೋಟರ್) ಒಟ್ಟಿಗೆ ಹೊರಡುವಾಗ 2-3 ಆಂಪಿಯರ್ ಬೇಕು. ಎರಡು 18650 ಸೆಲ್ (ರೀಚಾರ್ಜ್ ಆಗುವ ಉರುಟು ಲಿಥಿಯಂ ಸೆಲ್) ಸೀರೀಸ್‌ನಲ್ಲಿ ಹಾಕಿ: 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4. ಮೈಮೇಲೆ 9800 ಎಂಎಎಚ್ (ಚಾರ್ಜ್ ಹಿಡಿಯುವ ಸಾಮರ್ಥ್ಯ) ಎಂದು ಬರೆದ ಸೆಲ್ ಕೊಳ್ಳಬೇಡಿ, ಆ ಅಳತೆಯ ಸೆಲ್ಲಿನಲ್ಲಿ ಅಷ್ಟು ಹಿಡಿಯುವುದೇ ಇಲ್ಲ. 2000ದಿಂದ 3500 ಎಂದಿದ್ದರೆ ನಂಬಬಹುದು. ಎರಡು ಸೆಲ್ಲಿನ ಬಿಎಂಎಸ್ (ಸೆಲ್ ಅತಿಯಾಗಿ ಚಾರ್ಜ್ ಆಗದಂತೆ, ತೀರಾ ಬರಿದಾಗದಂತೆ ಕಾಯುವ ಬೋರ್ಡ್) ಹಾಕದೆ ಓಡಿಸಬೇಡಿ, ಸೆಲ್ಲಿಗೆ ನೇರ ಬೆಸುಗೆಯೂ ಬೇಡ.

ಎರಡನೆಯದು ಡ್ರೈವರ್, ಅಂದರೆ ಸಿಗ್ನಲ್ಲಿಗೆ ತಕ್ಕಂತೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬಿಡುವ ಬೋರ್ಡ್. ಎಲ್ಲರ ಕೈಗೂ ಮೊದಲು ಸಿಗುವ ಎಲ್298ಎನ್ ಬೋರ್ಡ್ 1 ಆಂಪಿಯರಿನಲ್ಲಿ ಸುಮಾರು 2 ವೋಲ್ಟನ್ನು ತಾನೇ ತಿಂದು ಬಿಸಿಯಾಗುತ್ತದೆ. 7.4 ಕೊಟ್ಟರೆ ಮೋಟರಿಗೆ ದಕ್ಕುವುದು 5.4. ಟಿಬಿ6612 ಬೋರ್ಡಿನಲ್ಲಿ ನಷ್ಟ ಅರ್ಧ ವೋಲ್ಟಿನ ಆಸುಪಾಸು. ಆದರೆ ಅದರ ಒಂದು ಚಾನೆಲ್ (ಮೋಟರ್ ಜೋಡಿಸುವ ಔಟ್‌ಪುಟ್) ಸತತವಾಗಿ ತಡೆಯುವುದು 1.2 ಆಂಪಿಯರ್ ಮಾತ್ರ, ಆದ್ದರಿಂದ ಚಾನೆಲ್ಲಿಗೆ ಒಂದೇ ಮೋಟರ್. ನಾಲ್ಕಕ್ಕೆ ಎರಡು ಬೋರ್ಡ್. ಜಂಪರ್ ವೈರ್ ಸಿಗ್ನಲ್ಲಿಗೆ ಸರಿ. ಬ್ಯಾಟರಿಯಿಂದ ಡ್ರೈವರ್‌ಗೆ 0.75 ಚದರ ಮಿ.ಮೀ.ನ ತಾಮ್ರದ ವೈರ್ ಬೆಸುಗೆ ಹಾಕಿ. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಇಷ್ಟಾದ ಮೇಲೂ ಏರದಿದ್ದರೆ ಚಕ್ರವನ್ನು ಗಮನಿಸಿ. ಚಕ್ರ ತಿರುಗುತ್ತ ಮಣ್ಣು ಎರಚುತ್ತಿದ್ದರೆ ಕೊರತೆ ಹಿಡಿತದ್ದು: ಬ್ಯಾಟರಿಯನ್ನು ಎಳೆಯುವ ಚಕ್ರಗಳ ಮೇಲಕ್ಕೆ ಸರಿಸಿ, ಟೈರಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ. ಚಕ್ರವೇ ನಿಂತಿದ್ದರೆ ಟಾರ್ಕ್ (ತಿರುಗಿಸುವ ಬಲ) ಸಾಲದು. ನಿಂತ ಮೋಟರಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಕರೆಂಟ್ ಬಿಡಬೇಡಿ. ಬ್ರಷ್ ಸುಡುತ್ತದೆ, ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗುತ್ತದೆ.

ಎಷ್ಟು ಟಾರ್ಕ್ ಬೇಕೆಂದು ಊಹಿಸುವ ಅಗತ್ಯವಿಲ್ಲ, ಅಳೆಯಬಹುದು. ಮೋಟರ್ ಬಿಚ್ಚಿ ಚಕ್ರಗಳನ್ನು ಬರಿ ಆಕ್ಸಲ್ಲಿಗೆ ಹಾಕಿ, ಕಾರಿನ ಪೂರ್ತಿ ತೂಕ ಹೇರಿ, ಶಾಲೆಯ ಲ್ಯಾಬಿನ ಸ್ಪ್ರಿಂಗ್ ತಕ್ಕಡಿಯಿಂದ ಅದೇ ಮಣ್ಣಿನ ಇಳಿಜಾರಿನಲ್ಲಿ ಮೇಲಕ್ಕೆ ನಿಧಾನವಾಗಿ ಎಳೆಯಿರಿ. 1.2 ಕೆ.ಜಿ. ಕಾರಿಗೆ 430 ಗ್ರಾಂ ತೋರಿಸಿತು ಎನ್ನಿ. 65 ಮಿ.ಮೀ. ಚಕ್ರದ ತ್ರಿಜ್ಯ 3.25 ಸೆಂ.ಮೀ.; ಗುಣಿಸಿದರೆ ಸುಮಾರು 1.4 ಕೆ.ಜಿ.-ಸೆಂ.ಮೀ. ನಾಲ್ಕು ಮೋಟರಿಗೆ ಹಂಚಿದರೆ ತಲಾ 0.35. ಮೋಟರ್ ಬಿಸಿಯಾಗದೆ ದುಡಿಯಬೇಕಾದರೆ ಅದರ ಸ್ಟಾಲ್ ಟಾರ್ಕ್ (ಭಾರಕ್ಕೆ ಮೋಟರ್ ನಿಂತುಬಿಡುವಾಗಿನ ಟಾರ್ಕ್) ಇದರ ಮೂರು ಪಟ್ಟು, ಅಂದರೆ 1.05 ಇರಲಿ. ಬಿಒ ಮೋಟರಿನದು 6 ವೋಲ್ಟಿಗೆ ಸಾಮಾನ್ಯವಾಗಿ 0.8ರ ಆಸುಪಾಸು. ಅದಕ್ಕೇ ತೆವಳುವುದು.

ದಾರಿ ಎರಡಿವೆ. ಒಂದು, ತೂಕ ಇಳಿಸಿ ಅಥವಾ ಚಕ್ರ ಚಿಕ್ಕದು ಮಾಡಿ. ಆದರೆ ಚಕ್ರ ತೀರಾ ಚಿಕ್ಕದಾದರೆ ಗೇರ್‌ಬಾಕ್ಸ್ ಕಲ್ಲಿಗೆ ತಗಲುತ್ತದೆ. ಎರಡು, ಲೋಹದ ಗೇರಿನ 12 ವೋಲ್ಟ್ ಮೋಟರ್ ಹಾಕಿ. ಕೋಲಾರದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ. 200 ಆರ್‌ಪಿಎಂನದು (ನಿಮಿಷಕ್ಕೆ 200 ಸುತ್ತು) ತೆಗೆದುಕೊಳ್ಳಿ, 65 ಮಿ.ಮೀ. ಚಕ್ರಕ್ಕೆ ಸೆಕೆಂಡಿಗೆ ಸುಮಾರು 0.7 ಮೀಟರ್ ವೇಗ ಬರುತ್ತದೆ. ಅದೇ ಮೋಟರಿನಲ್ಲಿ 1000 ಆರ್‌ಪಿಎಂನದನ್ನು ಆರಿಸಿದರೆ ವೇಗ ಬರುತ್ತದೆ, ಎಳೆಯುವ ಬಲ ಹೋಗುತ್ತದೆ. 12 ವೋಲ್ಟ್ ಮೋಟರಿಗೆ ಮೂರು ಸೆಲ್ ಮತ್ತು ಮೂರು ಸೆಲ್ಲಿನ ಬಿಎಂಎಸ್ ಬೇಕು. ಸ್ಟಾಲ್ ಕರೆಂಟ್ 3 ಆಂಪಿಯರ್ ದಾಟುವ ಮೋಟರಾದರೆ ಬಿಟಿಎಸ್7960 ಡ್ರೈವರ್.

ಮೋಟರ್ ಹೊರಡುವಾಗ ರಿಸೀವರ್ ಆರಿ ಹೊತ್ತಿ, ಕಾರು ಜಗ್ಗಿ ಜಗ್ಗಿ ಓಡಿದರೆ ಅದೂ ವೋಲ್ಟೇಜ್ ಕುಸಿತವೇ. ರಿಸೀವರಿಗೆ ಪ್ರತ್ಯೇಕ 5 ವೋಲ್ಟ್ ಬಕ್ ಕನ್ವರ್ಟರ್ (ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಕೊಡುವ ಬೋರ್ಡ್), ಅದರ ಔಟ್‌ಪುಟ್ಟಿಗೆ 470 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್, ಪ್ರತಿ ಮೋಟರಿನ ತುದಿಗಳ ನಡುವೆ 104 ಎಂಬ ಸಂಖ್ಯೆಯ ಸೆರಾಮಿಕ್ ಕೆಪಾಸಿಟರ್ ಹಾಕಿ. ಎಲ್ಲ ಬೋರ್ಡುಗಳ ಗ್ರೌಂಡ್ ಒಂದೇ ಕಡೆ ಸೇರಿರಲಿ.