ಸದಾಶಿವಗಡಕ್ಕೆ ಮೂರನೆಯ ಸಲ

ಕಾರವಾರದಿಂದ ಗೋವೆಗೆ ಹೋಗುವ ಹೆದ್ದಾರಿ ಕಾಳಿ ನದಿಯನ್ನು ದಾಟಿದ ಕೂಡಲೇ ಒಂದು ಗುಡ್ಡವನ್ನು ಸೀಳಿಕೊಂಡು ಮುಂದೆ ಹೋಗುತ್ತದೆ. ಆ ಗುಡ್ಡವೇ ಸದಾಶಿವಗಡ. ಶಿರಸಿಯಿಂದ ಗೋವೆಗೆ ಹೋಗಿಬರುವಾಗ ಎರಡು ಸಲ ನಡುಮಧ್ಯಾಹ್ನದ ಅರ್ಧ ಗಂಟೆಯ ಬಿಡುವಿನಲ್ಲಿ ಅದನ್ನು ಹತ್ತಿಳಿದಿದ್ದೆ. ಚಿರೆಕಲ್ಲಿನ ಗೋಡೆ, ದುರ್ಗಾದೇವಿಯ ಗುಡಿ, ಕಣ್ಣು ಕುಕ್ಕುವ ನೀರು ಇಷ್ಟೇ ನೆನಪಿನಲ್ಲಿ ಉಳಿದಿದ್ದವು. ಕಳೆದ ಡಿಸೆಂಬರಿನಲ್ಲಿ ಇದಕ್ಕೆಂದೇ ಒಂದು ದಿನವನ್ನು ಮೀಸಲಿಟ್ಟು ಹೋದೆ.

ಹೋಗಲು ಪ್ರೇರಣೆ ಶಿರಸಿಯ ಬಳಿಯ ನಮ್ಮ ಸೋದೆಯದೇ. ಸೋದೆಯ ಅರಸ ಬಸವಲಿಂಗ ಈ ಕೋಟೆಯನ್ನು ಕಟ್ಟಿಸಿ, ತಂದೆ ಸದಾಶಿವಲಿಂಗನ ಹೆಸರನ್ನು ಅದಕ್ಕೆ ಇಟ್ಟ. ಘಟ್ಟದ ಮೇಲೆ ಕಾಡಿನ ನಡುವೆ ರಾಜಧಾನಿ ಇದ್ದವರಿಗೆ ಇಷ್ಟು ದೂರದ ಅಳಿವೆಯ ಮೇಲೆ ಕೋಟೆ ಏಕೆ ಬೇಕಾಯಿತು ಎಂಬ ಪ್ರಶ್ನೆ ಬಹುಕಾಲ ನನ್ನನ್ನು ಕಾಡಿತ್ತು. ಕಾಳುಮೆಣಸು ಬೆಳೆಯುವ ನನಗೆ ಅದರ ಉತ್ತರ ಮೊದಲೇ ಹೊಳೆಯಬೇಕಿತ್ತು. ಸೋದೆ ಸೀಮೆಯ ಮೆಣಸು ಘಟ್ಟ ಇಳಿದು ಹಡಗು ಹತ್ತುತ್ತಿದ್ದ ಬಾಗಿಲುಗಳಲ್ಲಿ ಕಾರವಾರವೂ ಒಂದು. ಇಂಗ್ಲಿಷರು 1638ರಲ್ಲೇ ಇಲ್ಲಿ ಕೋಠಿ ತೆರೆದದ್ದು ಮುಖ್ಯವಾಗಿ ಮೆಣಸು ಮತ್ತು ಬಟ್ಟೆಯ ವ್ಯಾಪಾರಕ್ಕಾಗಿ.

ಹಿಂದಿನ ದಿನವೇ ದೇವಿಮನೆ ಘಟ್ಟ ಇಳಿದು ಕಾರವಾರದ ಭಾವನ ಮನೆಯಲ್ಲಿ ಉಳಿದುಕೊಂಡೆ. "ಗುಡ್ಡ ಎಲ್ಲಿಗೂ ಹೋಗುವುದಿಲ್ಲ ಭಾವ, ಮೊದಲು ಹೊಳೆ ನೋಡಿ" ಎಂದು ಅವರು ಹೇಳಿದ್ದು ಉಪಕಾರವಾಯಿತು. ಬೆಳಗಾಗುವ ಹೊತ್ತಿಗೆ ಇಳಿತವಿತ್ತು. ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕೆಸರನ್ನು ಕೈಯಿಂದ ಬಗೆದು ಬಳಚು, ಅಂದರೆ ಕಪ್ಪೆಚಿಪ್ಪು, ಹೆಕ್ಕುತ್ತಿದ್ದರು. ಅಷ್ಟು ಅಗಲದ ನದಿಯಲ್ಲಿ ಅಲ್ಲಲ್ಲಿ ಮರಳು ಮೇಲೆದ್ದಿತ್ತು. ದೋಣಿಗಳು ಆಳವಿದ್ದಲ್ಲೇ, ಒಂದರ ಹಿಂದೆ ಒಂದು ಸಾಗುತ್ತಿದ್ದವು. ಅಳಿವೆ ಎಷ್ಟೇ ಅಗಲವಿದ್ದರೂ ದೋಣಿಗೆ ದಾರಿ ಕಿರಿದು ಎಂಬುದು ಅಲ್ಲಿ ನಿಂತಾಗಲೇ ತಿಳಿಯಿತು.

ಆಮೇಲೆ ಗುಡ್ಡ ಹತ್ತಿದೆ. ಇನ್ನೂರು ಅಡಿಯ ಆಸುಪಾಸಿನ ಎತ್ತರವಾದ್ದರಿಂದ ದಣಿವೇನೂ ಆಗುವುದಿಲ್ಲ. ಆದರೆ ಮಳೆಗಾಲದಲ್ಲಿ ಪಾಚಿ ಹಿಡಿದ ಚಿರೆಕಲ್ಲು ಜಾರುತ್ತದೆ, ಮಳೆ ನಿಂತ ಹೊಸತರಲ್ಲಿ ಹುಲ್ಲು ಗೋಡೆಗಳನ್ನು ಮುಚ್ಚಿರುತ್ತದೆ. ಡಿಸೆಂಬರಿನಲ್ಲಿ ಕಲ್ಲು ಒಣಗಿತ್ತು. ಒಂದು ಕಡೆ ಗೋಡೆಗೆ ಮುಖವಿಟ್ಟು ನೋಡಿದೆ: ಜೇನುಹುಟ್ಟಿನಂತೆ ತೂತು ತೂತಾದ ಕೆಂಪು ಕಲ್ಲು, ತೂತುಗಳಲ್ಲಿ ಇರುವೆ ಕೂಡಿಟ್ಟ ಮಣ್ಣು, ಎರಡು ಕಲ್ಲುಗಳ ಸಂದಿಯಲ್ಲಿ ಬೆರಳು ದಪ್ಪದ ಬೇರು. ಆ ಬೇರನ್ನು ಸಕಾಲದಲ್ಲಿ ಕಡಿಯದಿದ್ದರೆ ಗೋಡೆ ಬಾಯ್ಬಿಡುತ್ತದೆ. ತೋಟದ ಕಟ್ಟೆಗಳಲ್ಲಿ ನಾನು ಇದನ್ನು ಕಂಡಿದ್ದೇನೆ, ಇಲ್ಲಿ ಕಂಡು ಮನಸ್ಸಿಗೆ ನೋವಾಯಿತು.

ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ ಇರುವುದರಿಂದ ಪಡುವಣವೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಆಚೆ ದಡದಲ್ಲಿ ಕಾರವಾರ, ಈಚೆ ದೇವಬಾಗದ ಗಾಳಿಮರಗಳ ಸಾಲು, ಸಮುದ್ರದಲ್ಲಿ ಕೂರ್ಮಗಡ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 6-7ರ ನಡುರಾತ್ರಿ ಕುಸಿದ ಮೇಲೆ ಊರವರು ಆ ಕಡೆ ನೋಡುವ ನೋಟವೇ ಬದಲಾಗಿದೆ. ಭಾವನೂ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರು.

ಪೋರ್ಚುಗೀಸರು 1752ರಲ್ಲಿ ಈ ಕೋಟೆಯನ್ನು ಹಿಡಿದು 1754ರಲ್ಲಿ ಮರಳಿಸಿದರು. ಮುಂದೆ ಇದು ಹೈದರಾಲಿಯ ಕೈಸೇರಿತು. ಇದಕ್ಕಾಗಿ ಅಷ್ಟೊಂದು ಮಂದಿ ಏಕೆ ಬಡಿದಾಡಿದರು ಎಂದು ತಿಳಿಯಲು ನಾನು ಪಶ್ಚಿಮದ ಗೋಡೆಯ ಬಳಿ ಕುಳಿತೆ. ಉಬ್ಬರ ಏರತೊಡಗಿದಾಗ ಒಂದು ದೋಣಿ ಸಮುದ್ರದಿಂದ ಅಳಿವೆಯೊಳಕ್ಕೆ ತಿರುಗಿತು. ಅದು ನನ್ನ ಕಾಲಡಿಯನ್ನು ಹಾದು ಸೇತುವೆಯ ಕೆಳಗೆ ಮರೆಯಾಗುವವರೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾನು ಕುಳಿತಲ್ಲಿಂದ ಏಳಲಿಲ್ಲ, ದೋಣಿಯೂ ಒಮ್ಮೆಯೂ ಕಣ್ಣಿಂದ ಮರೆಯಾಗಲಿಲ್ಲ.