ರೋಥೆನ್‌ಬುರ್ಗ್‌ಗೆ ಹೋದ್ರೆ ಒಂದು ರಾತ್ರಿ ಉಳ್ಕೊಳ್ಳಿ, ಕಣಿವೆಗೂ ಇಳೀರಿ

ಜರ್ಮನಿಯಲ್ಲಿರೋ ನಮ್ಮೋರು ಊರಿಂದ ಅಪ್ಪ ಅಮ್ಮ ಬಂದಾಗ ಹಳೇ ಕಾಲದ ಊರು ತೋರಿಸ್ಬೇಕು ಅಂತ ರೋಥೆನ್‌ಬುರ್ಗ್ ಓಬ್ ಡೇರ್ ಟೌಬರ್‌ಗೆ ಕರ್ಕೊಂಡು ಹೋಗ್ತಾರೆ, ಒಳ್ಳೇದೇ, ಆದ್ರೆ ಸುಮಾರು ಜನ 11 ಗಂಟೆಗೆ ಬಂದು ಹಳದಿ ಮನೆ ಮುಂದೆ ಫೋಟೋ ತಕ್ಕೊಂಡು 4 ಗಂಟೆಗೆ ಹೊರಟ್ಬಿಡ್ತಾರೆ. ಟೂರಿಸ್ಟ್ ಬಸ್ಸುಗಳೂ ಅದೇ ಟೈಮಿಗೆ ಬರೋದು. ದಯವಿಟ್ಟು ಕೋಟೆ ಒಳಗೇ ಒಂದು ರೂಮ್ ಮಾಡಿ, ಸಂಜೆ ಮತ್ತೆ ಬೆಳಗ್ಗೆ ಎಂಟರೊಳಗೆ ಈ ಊರು ಬೇರೇನೇ.

ವ್ಯೂರ್ಟ್ಸ್‌ಬುರ್ಗ್ ಕಡೆಯಿಂದ ಬಂದ್ರೆ ಷ್ಟೈನಾಖ್‌ನಲ್ಲಿ ಇಳಿದು ಚಿಕ್ಕ ಟ್ರೇನ್ ಹಿಡೀಬೇಕು, ನ್ಯೂರ್ನ್‌ಬೆರ್ಗ್‌ನಿಂದಾದ್ರೆ ಆನ್ಸ್‌ಬಾಖ್‌ನಲ್ಲೂ ಒಂದ್ಸಲ ಬದಲಾಯಿಸ್ಬೇಕು. ಎಲ್ಲಾ ರೀಜನಲ್ ಟ್ರೇನುಗಳೇ, ಹಂಗಾಗಿ ಡಾಯ್ಚ್‌ಲಾಂಡ್ ಟಿಕೆಟ್ (ತಿಂಗಳ ಪಾಸ್) ಇದ್ರೆ ಸಾಕು, ಇಲ್ಲಾಂದ್ರೆ ಬಯರ್ನ್ ಟಿಕೆಟ್ (ಬವೇರಿಯ ರಾಜ್ಯದ ಒಂದು ದಿನದ ಟಿಕೆಟ್) ತಗೊಳ್ಳಿ, ಐದು ಜನರ ತನಕ ಒಂದೇ ಟಿಕೆಟ್ಟಲ್ಲಿ ಹೋಗ್ಬಹುದು, ಆದ್ರೆ ವಾರದ ದಿನ ಬೆಳಗ್ಗೆ 9ರ ಮೇಲೇನೇ ನಡೆಯೋದು. ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದ್ರೆ ರೋಡರ್ ಬಾಗಿಲು. ನೆಲ ಪೂರ್ತಿ ಕಲ್ಲು ಹಾಸಿರೋದು, ಗಾಲಿ ಸೂಟ್‌ಕೇಸ್ ಬಿಟ್ಟು ಬ್ಯಾಗ್ ತನ್ನಿ.

ಆ ಬಾಗಿಲ ಪಕ್ಕದ ಮೆಟ್ಟಿಲು ಹತ್ತಿದ್ರೆ ಕೋಟೆ ಗೋಡೆ ಮೇಲೇ ನಡೀಬಹುದು, ಟಿಕೆಟ್ ಇಲ್ಲ, ಮೇಲೆ ಹೆಂಚಿನ ಸೂರು ಇರೋದ್ರಿಂದ ಮಳೆ ಬಂದ್ರೂ ತೊಂದ್ರೆ ಇಲ್ಲ, ಎತ್ತರ ಇರೋರು ತಲೆ ನೋಡ್ಕೊಳ್ಳಿ. ನಡೀತಾ ಗೋಡೆಯಲ್ಲಿ ಹೆಸರು ಕೆತ್ತಿರೋ ಕಲ್ಲುಗಳು ಸಿಗ್ತವೆ. 1945ರ ಮಾರ್ಚ್ 31ಕ್ಕೆ ಬಾಂಬ್ ಬಿದ್ದು ಊರಿನ ಪೂರ್ವದ ಕಡೆ ನಾಶ ಆಗಿತ್ತು, ಆಮೇಲೆ ಅಮೆರಿಕ, ಜಪಾನ್ ಅಂತ ಎಲ್ಲೆಲ್ಲಿಂದ್ಲೋ ಜನ ದುಡ್ಡು ಕೊಟ್ಟು ಗೋಡೆ ಎಬ್ಬಿಸಿದ್ರು, ಅವರ ಹೆಸರುಗಳೇ ಇವು. ನಿಂತು ನಾಲ್ಕು ಹೆಸರಾದ್ರೂ ಓದಿ.

ಸೇಂಟ್ ಯಾಕೋಬ್ ಚರ್ಚನ್ನ ಮಾತ್ರ ಬಿಡ್ಲೇಬೇಡಿ. ಒಳಗೆ ಎದುರಿಗೆ ಕಾಣೋ ದೊಡ್ಡ ಆಲ್ಟರ್ (ಪೂಜಾಪೀಠ) ನೋಡಿ ಮುಗೀತು ಅಂತ ಬಂದ್ಬಿಡಬೇಡಿ, ಹಿಂದುಗಡೆ ಮೆಟ್ಟಿಲು ಹತ್ತಿ ಪಶ್ಚಿಮದ ಉಪ್ಪರಿಗೆಗೆ ಹೋಗಿ, ಅಲ್ಲಿದೆ ಟಿಲ್ಮನ್ ರೀಮೆನ್‌ಷ್ನೈಡರ್ ಅನ್ನೋ ಶಿಲ್ಪಿ 1500ರ ಆಸುಪಾಸಲ್ಲಿ ಮರದಲ್ಲಿ ಕೆತ್ತಿದ ಹೋಲಿ ಬ್ಲಡ್ ಆಲ್ಟರ್. ಯೇಸುವಿನ ಕೊನೇ ಊಟದ ದೃಶ್ಯ, ಆದ್ರೆ ನಡುಮಧ್ಯ ನಿಂತಿರೋನು ಜೂದಾಸ್, ಮೋಸ ಮಾಡ್ದೋನು, ಕೈಲಿ ದುಡ್ಡಿನ ಚೀಲ. ಬಣ್ಣ ಬಳಿದಿಲ್ಲ, ಬೊಂಬೆಗಳ ಹಿಂದೆ ಚಿಕ್ಕ ಚಿಕ್ಕ ಗಾಜಿನ ಕಿಟಕಿ ಇವೆ, ಅಲ್ಲಿಂದ ಬೆಳಕು ಬಿದ್ದು ಮುಖಗಳಲ್ಲಿ ಜೀವ ಬಂದಂಗೆ ಕಾಣುತ್ತೆ. ಇಲ್ಲಿ ಅರ್ಧ ಗಂಟೆ ಕೂತ್ರೂ ದಂಡ ಅಲ್ಲ.

ಟೌನ್‌ಹಾಲ್ ಗೋಪುರಕ್ಕೆ 220 ಮೆಟ್ಟಿಲು, ಕೊನೇದು ತುಂಬಾ ಇಕ್ಕಟ್ಟು, ಮಂಡಿ ನೋವಿದ್ರೆ ಬೇಡ, ಅವರನ್ನ ಬುರ್ಗ್‌ಗಾರ್ಟನ್ ಪಾರ್ಕಿಗೆ ಕರ್ಕೊಂಡು ಹೋಗಿ, ಸಮತಟ್ಟಾದ ಜಾಗ, ಕೆಳಗೆ ಕಣಿವೆ ಪೂರ್ತಿ ಕಾಣುತ್ತೆ. ರಾತ್ರಿ 8ಕ್ಕೆ ಮಾರ್ಕೆಟ್ ಚೌಕದಿಂದ ರಾತ್ರಿ ಕಾವಲುಗಾರನ ವೇಷದ ಗೈಡ್ ಜೊತೆ ಇಂಗ್ಲಿಷ್ ಟೂರ್ ಹೊರಡುತ್ತೆ (ಜನವರಿ ಫೆಬ್ರವರಿಲಿ ಇರಲ್ಲ), ಹೋಗಿ. ಊಟಕ್ಕೆ ವೆಜ್ ಅಂದ್ರೆ ಕೇಸೆ ಷ್ಪೆಟ್ಸ್ಲೆ ಸಿಗುತ್ತೆ, ಚೀಸ್ ಹಾಕಿದ ಒಂಥರಾ ನೂಡಲ್ಸು, ಆದ್ರೆ ಹಿಟ್ಟಿಗೆ ಮೊಟ್ಟೆ ಹಾಕಿರ್ತಾರೆ. ಷ್ನೇಬಾಲ್ ಅನ್ನೋ ಕರಿದ ಉಂಡೆಗೂ ಅಷ್ಟೇ, ನಮ್ಮ ಚಿರೋಟಿ ಥರ ಗರಿಗರಿ, ಬರೀ ಸಕ್ಕರೆ ಪುಡಿ ಹಾಕಿದ್ದೇ ಚೆನ್ನಾಗಿರೋದು.

ಮಾರನೇ ದಿನ ಕೊಬೊಲ್ಟ್ಸೆಲ್ಲರ್ ಬಾಗಿಲಿಂದ ಕೆಳಗಿಳೀರಿ. ಎರಡಂತಸ್ತಿನ ಕಮಾನಿನ ಹಳೇ ಕಲ್ಲು ಸೇತುವೆ ಸಿಗುತ್ತೆ, ಅಲ್ಲಿಂದ ಟೌಬರ್ ಹೊಳೆ ಹರಿಯೋ ದಿಕ್ಕಲ್ಲೇ ನಡೆದ್ರೆ ಹಳೇ ಹಿಟ್ಟಿನ ಗಿರಣಿಗಳು, ಆಮೇಲೆ ಮೇಯರ್ ಹೈನ್ರಿಖ್ ಟೋಪ್ಲರ್ 1388ರಲ್ಲಿ ಕಟ್ಟಿಸಿದ ಪುಟ್ಟ ಗೋಪುರದ ಮನೆ, ಕೆಳಗೆ ಕಿರಿದು ಮೇಲೆ ಅಗಲ. ಇನ್ನೂ ಮುಂದೆ ಡೆಟ್‌ವಾಂಗ್ ಹಳ್ಳಿ, ರೋಥೆನ್‌ಬುರ್ಗ್‌ಗಿಂತ ಹಳೇದು, ಅಲ್ಲಿನ ಚಿಕ್ಕ ಚರ್ಚಲ್ಲೂ ರೀಮೆನ್‌ಷ್ನೈಡರ್ ಕೆಲಸ ಇದೆ. ವಾಪಸ್ ಬರೋವಾಗ ಏರು ಇದೆ, ನೀರು ಇಟ್ಕೊಳ್ಳಿ.

ಸೈಕಲ್ ಹೊಡೆಯೋರು ಹಂಗೇ ಹೊಳೆ ಪಕ್ಕದ ದಾರಿಲಿ ಸುಮಾರು 20 ಕಿ.ಮೀ. ಕ್ರೆಗ್ಲಿಂಗನ್ ತನಕ ಹೋಗಿ, ಅಲ್ಲಿನ ಹೆರ್‌ಗಾಟ್ಸ್ ಚರ್ಚಲ್ಲಿ ರೀಮೆನ್‌ಷ್ನೈಡರ್‌ನೇ ಕೆತ್ತಿದ ಮೇರಿ ಆಲ್ಟರ್ ಇವೆಲ್ಲಕ್ಕಿಂತ ಚೆಂದ ಅಂತ ನನ್ನ ಅಭಿಪ್ರಾಯ. ಅಲ್ಲಿ ಟ್ರೇನ್ ಇಲ್ಲ, ವಾಪಸ್ ತುಳಿಯೋಕೆ ಆಗಲ್ಲ ಅನ್ಸಿದ್ರೆ ಮುಂದೆ ವೈಕರ್ಸ್‌ಹೈಮ್ ತನಕ ಹೋಗಿ, ಅಲ್ಲಿ ಸ್ಟೇಷನ್ ಇದೆ.