ಎರಡು ವಲಸೆ ಸಮುದಾಯಗಳನ್ನು ಹೋಲಿಸಬೇಕೇ? ಮೊದಲು ಬಂದ ದಿನದ ಲೆಕ್ಕ ಕೇಳಿ

ಕಳೆದ ಆಷಾಢದಲ್ಲಿ ಅಣ್ಣನ ಮಗಳು ಮಾನಸಗಂಗೋತ್ರಿಯಿಂದ ನೇರ ಮಂಡ್ಯಕ್ಕೆ ಬಂದಳು. ಬ್ಯಾಗ್ ಇಳಿಸುವ ಮೊದಲೇ ಒಂದು ಕಾಗದದ ಕಟ್ಟು ನನ್ನ ಕೈಗಿಟ್ಟಳು. "ಅತ್ತೆ, ಪ್ರಾಜೆಕ್ಟು. ಎರಡು ವಲಸೆ ಸಮುದಾಯಗಳ ಸಾಮಾಜಿಕ, ಆರ್ಥಿಕ ಸ್ಥಿತಿಗತಿ ಹೋಲಿಸ್ಬೇಕಂತೆ. ಪ್ರಶ್ನೆ ಎಲ್ಲಾ ರೆಡಿ ಮಾಡ್ಕೊಂಡಿದೀನಿ, ಒಂದ್ಸಲ ನೋಡ್ಬಿಡಿ" ಅಂದಳು.

ನೋಡಿದೆ. 42 ಪ್ರಶ್ನೆಗಳಿದ್ದವು. ನಾಲ್ಕನೆಯದು, "ನಿಮ್ಮ ಮಾಸಿಕ ಆದಾಯ ಎಷ್ಟು?" ನನಗೆ ನಗು ಬಂತು. 27 ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ಹೋಗಿ ನಾನೂ ಪೆಚ್ಚಾಗಿದ್ದೆ. ಗಾರೆ ಕೆಲಸದ ಅಜ್ಜನೊಬ್ಬರು ಬೀಡಿ ಕೆಳಗಿಟ್ಟು ಕೇಳಿದ್ದರು, "ಯಾವ ತಿಂಗಳದು ಹೇಳ್ಬೇಕವ್ವ?"

ನಾನು ಮಂಡ್ಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು, ಈಗ ನಿವೃತ್ತಿಯಾಗಿದೆ. ಇಂಥ ಪ್ರಾಜೆಕ್ಟುಗಳನ್ನು ತಿದ್ದಿದ್ದು ಲೆಕ್ಕವಿಲ್ಲ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಜೋಡಿ ಸರಿಯಾಗಿ ಆರಿಸಿ. ಅವಳು ಆರಿಸಿದ್ದು ಬೈಲಕುಪ್ಪೆಯ ಟಿಬೆಟಿಯನ್ನರನ್ನು ಮತ್ತು ಮೈಸೂರಿನ ಮಾರ್ವಾಡಿ ಅಂಗಡಿಯವರನ್ನು. ಬೇಡ ಅಂದೆ. ಒಬ್ಬರು ವ್ಯಾಪಾರ ಮಾಡಲೆಂದೇ ಬಂದವರು, ಇನ್ನೊಬ್ಬರು ಉಟ್ಟ ಬಟ್ಟೆಯಲ್ಲಿ ಬಂದವರು. ಇವರನ್ನು ಪಕ್ಕಪಕ್ಕ ನಿಲ್ಲಿಸಿದರೆ ಉತ್ತರ ಮನೆಯಲ್ಲೇ ಕೂತು ಬರೆದುಬಿಡಬಹುದು. ಎಲ್ಲಾದರೂ ಒಂದು ಕಡೆ ಇಬ್ಬರೂ ಸಮ ಇರಬೇಕು, ಆಗಲೇ ಉಳಿದ ವ್ಯತ್ಯಾಸಕ್ಕೆ ಅರ್ಥ. ನಾನು ಸೂಚಿಸಿದ ಎರಡನೇ ಸಮುದಾಯ ನಮ್ಮ ಮಂಡ್ಯದ ತಮಿಳು ಕೂಲಿಕಾರರ ಮನೆಗಳು. ಅಜ್ಜ, ಮುತ್ತಜ್ಜ ನಾಲೆ ಕೆಲಸಕ್ಕೆ, ಆಮೇಲೆ ಸಕ್ಕರೆ ಕಾರ್ಖಾನೆ ಕೆಲಸಕ್ಕೆ ಬಂದರು ಎಂದು ಹೇಳುವ ಮನೆಗಳು. ಟಿಬೆಟಿಯನ್ನರು ಬೈಲಕುಪ್ಪೆಗೆ ಬರುವ ಮೊದಲು ಅವರಲ್ಲಿ ಬಹಳ ಜನ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸ ಮಾಡುತ್ತಿದ್ದರು. ಒಬ್ಬರದು ರಸ್ತೆ ಕೆಲಸ, ಒಬ್ಬರದು ನಾಲೆ ಕೆಲಸ. ಇಬ್ಬರೂ ಮಣ್ಣು ಹೊತ್ತೇ ಶುರು ಮಾಡಿದ್ದು.

"ವಲಸೆ ಅಂದ್ರೆ ದೇಶ ದಾಟ್ಬೇಕಲ್ವಾ ಅತ್ತೆ?" ಎಂದಳು. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ಆಗ ಮೈಸೂರು ಮಹಾರಾಜರ ಸಂಸ್ಥಾನ, ತಮಿಳು ಸೀಮೆಯ ಸೇಲಂ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಆಡಳಿತವೂ ಬೇರೆ, ಭಾಷೆಯೂ ಬೇರೆ. ಈ ವ್ಯತ್ಯಾಸವನ್ನು ಮುನ್ನುಡಿಯಲ್ಲೇ ಬರೆದುಬಿಡು, ಮುಚ್ಚಿಡಬೇಡ ಅಂದೆ.

ಇನ್ನೊಂದು ಮಾತು. "ಟಿಬೆಟಿಯನ್ನರು", "ತಮಿಳರು" ಎಂದು ಇಡೀ ಜನರನ್ನು ಹಿಡಿದುಕೊಳ್ಳಲು ಹೋಗಬೇಡಿ. ಅಲ್ಲಿ ಒಂದು ಕ್ಯಾಂಪು, ಇಲ್ಲಿ ಒಂದು ಬೀದಿ, ಕಡೆಗೆ 15 ಮನೆ ಅಲ್ಲಿ, 15 ಮನೆ ಇಲ್ಲಿ. ಒಬ್ಬ ಹುಡುಗಿಗೆ ಅಷ್ಟೇ ಸಾಧ್ಯ, ಅಷ್ಟೇ ಸಾಕು.

ಈಗ ನೋಟ್‌ಬುಕ್ ತೆಗೆಯಿರಿ. ಪುಟದ ಅಡ್ಡಕ್ಕೆ ಮೂರು ಕಾಲಂ ಹಾಕಿ: ಬಂದವರ ಕಾಲ, ಮಕ್ಕಳ ಕಾಲ, ಮೊಮ್ಮಕ್ಕಳ ಕಾಲ. ಇಸವಿ ಹಾಕಿದರೆ ಕೆಟ್ಟಿರಿ. ಬೈಲಕುಪ್ಪೆಯ ಮೊದಲ ವಸತಿ ಶುರುವಾದದ್ದು 1961ರ ಹೊತ್ತಿಗೆ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದ್ದು. ಇಂದಿನ ದಿನ ಇಟ್ಟುಕೊಂಡು ಹೋಲಿಸಿದರೆ ಅಲ್ಲಿ ಮೊಮ್ಮಗ, ಇಲ್ಲಿ ಮರಿಮಗ ಎದುರು ಬದುರು ನಿಲ್ಲುತ್ತಾರೆ. ತಲೆಮಾರಿಗೆ ತಲೆಮಾರು ಇಡಿ.

ಮೊದಲ ಕಾಲಂಗೆ ಜಾಸ್ತಿ ಸಮಯ ಕೊಡಿ. ನನ್ನ ಪ್ರಕಾರ ಅರ್ಧ ಉತ್ತರ ಅಲ್ಲೇ ಇದೆ. ಬಂದ ದಿನ ಕರೆದವರು ಯಾರು? ಕೈಗೆ ಏನು ಕೊಟ್ಟರು? ಮಲಗಿದ್ದು ಎಲ್ಲಿ?

ಟಿಬೆಟಿಯನ್ನರನ್ನು ಕರೆದದ್ದು ಸರ್ಕಾರ. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಮೇಲೆ ನೆಹರೂ ರಾಜ್ಯಗಳನ್ನು ಜಾಗ ಕೇಳಿದರು, ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡು ಬಿಟ್ಟುಕೊಟ್ಟಿತು. ಮರ ಕಡಿದು, ಆನೆ ಓಡಿಸಿ, ಸೆಕೆಗೆ ಸೋತು ಕಾಯಿಲೆ ಬಿದ್ದು ಅವರು ಪಟ್ಟ ಪಾಡು ಸಣ್ಣದಲ್ಲ. ಆದರೆ ತಲೆಗೆ ಸುಮಾರು ಒಂದು ಎಕರೆ ಸಿಕ್ಕಿತು. ಸಹಕಾರ ಸಂಘ ಬಂತು, ಸಂಘದ ಟ್ರ್ಯಾಕ್ಟರ್ ಬಂತು. ಟಿಬೆಟಿಯನ್ ಮಕ್ಕಳ ಶಾಲೆಗಳಿಗೆಂದೇ ಕೇಂದ್ರ ಸರ್ಕಾರ 1961ರಲ್ಲಿ ಒಂದು ಆಡಳಿತ ಸಂಸ್ಥೆ ಮಾಡಿತು. 1968ರಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹುಟ್ಟಿದ್ದೂ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗೇ. ಅದರ ಮೊದಲ ಹೆಸರಿನಲ್ಲಿ 'ಮೈಸೂರು ರೀಸೆಟಲ್‌ಮೆಂಟ್' ಅಂತಲೇ ಇತ್ತು.

ನಾಲೆ ಕೂಲಿಕಾರನನ್ನು ಕರೆದದ್ದು ಮೇಸ್ತ್ರಿ. ಕೈಗೆ ಸಿಕ್ಕಿದ್ದು ಗುದ್ದಲಿ, ಮಂಕರಿ. ಮಲಗಿದ್ದು ಕೆಲಸದ ಪಕ್ಕದ ಗುಡಿಸಲಲ್ಲಿ. ಕೆಲಸ ಮುಂದಕ್ಕೆ ಹೋದಂತೆ ಗುಡಿಸಲೂ ಮುಂದಕ್ಕೆ ಹೋಯಿತು. ವಿಶ್ವೇಶ್ವರಯ್ಯ ನಾಲೆ ನೀರು ಹರಿದು ಮಂಡ್ಯದ ಗದ್ದೆ ಹಸಿರಾದ ಮೇಲೆ ಆ ಗದ್ದೆಯಲ್ಲಿ ಇವರಿಗೆ ಒಂದು ಗುಂಟೆಯೂ ಇರಲಿಲ್ಲ. ನಮ್ಮಂಥ ಗದ್ದೆಯವರ ಮನೆಯಲ್ಲಿ ಹುಟ್ಟಿದ ನಾನು ಇದನ್ನು ಯೋಚಿಸಿದ್ದು ಬಹಳ ತಡವಾಗಿ. ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಕಾಲ ನೋಡಿ ಹೋಗಿ. ನಾನು ಮೊದಲ ಸಲ ಬೈಲಕುಪ್ಪೆಗೆ ಹೋದದ್ದು ಡಿಸೆಂಬರಿನಲ್ಲಿ, ಕಾಲೇಜಿಗೆ ರಜೆ ಇತ್ತು ಅಂತ. ಮನೆ ಮನೆಗೂ ಬೀಗ. ಜನ ವಿದೇಶಕ್ಕೆ ಹೋಗಿಬಿಟ್ಟಿದ್ದಾರೆ ಎಂದು ಬರೆದುಕೊಂಡು ಬಂದೆ. ಆಮೇಲೆ ಮಂಡ್ಯದ ಬೀದಿಯಲ್ಲೇ ಸ್ವೆಟರ್ ರಾಶಿ ಹಾಕಿಕೊಂಡು ಕೂತಿದ್ದ ಟಿಬೆಟಿಯನ್ ಹೆಂಗಸೊಬ್ಬರನ್ನು ಮಾತಾಡಿಸಿದರೆ, ಅವರದು ಅದೇ ಕ್ಯಾಂಪು! ಚಳಿಗಾಲ ಬಂದರೆ ಲೂಧಿಯಾನದಿಂದ ಸಾಲಕ್ಕೆ ಮಾಲು ತಂದು ಊರೂರಿಗೆ ಹೋಗಿ ಮಾರುತ್ತಾರೆ, ಮಾರಿದ ಮೇಲೆ ಸಾಲ ತೀರಿಸುತ್ತಾರೆ. ಹೊಲ ಮುಗಿದ ಮೇಲಿನ ತಿಂಗಳುಗಳ ದುಡಿಮೆ ಅದು. ಲೋಸಾರ್, ಅಂದರೆ ಅವರ ಹೊಸವರ್ಷ, ಫೆಬ್ರವರಿ ಇಲ್ಲವೇ ಮಾರ್ಚಿನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಮನೆ ತುಂಬಿರುತ್ತದೆ. ಹಬ್ಬ ಕಳೆದು ಒಂದು ವಾರ ಬಿಟ್ಟು ಹೋಗಿ. ಮೊದಲು ವಸತಿಯ ಕಚೇರಿಗೆ ಹೋಗಿ ಹೇಳಿ, ಆಮೇಲೆ ಕ್ಯಾಂಪ್ ಲೀಡರ್ ಹತ್ತಿರ. ಮಂಡ್ಯದ ಬೀದಿಗಾದರೆ ಮಧ್ಯಾಹ್ನ ಮೂರರ ಮೇಲೆ, ಹೂ ಕಟ್ಟುವ ಹೆಂಗಸರು ಬಾಗಿಲಲ್ಲಿ ಕೂತಿರುವ ಹೊತ್ತಿಗೆ. ಪುಸ್ತಕ ಪೆನ್ನು ತಕ್ಷಣ ತೆಗೆಯಬೇಡಿ, ಸರ್ವೆಯವರು ಬಂದರು ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಆದಾಯ ಕೇಳಬೇಡಿ. ಕೇಳಿದರೆ ಸರ್ಕಾರಕ್ಕೆ ಹೇಳುವ ಲೆಕ್ಕ ಹೇಳುತ್ತಾರೆ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತೆ, ಕಳೆದ ಸಲ ಯಾರಿಗಾದರೂ ಹುಷಾರು ತಪ್ಪಿದಾಗ ದುಡ್ಡು ಎಲ್ಲಿಂದ ತಂದಿರಿ, ಮಕ್ಕಳ ಫೀಸು ಕಟ್ಟುವವರು ಯಾರು ಎಂದು ಕೇಳಿ. ಸಾಲದ ಪ್ರಶ್ನೆಗೆ ನನ್ನ ಹುಡುಗಿಗೆ ಸಿಕ್ಕ ಉತ್ತರಗಳು ನೋಡಿ. ಮಂಡ್ಯದ ಒಂದು ಮನೆಯಲ್ಲಿ ಹೆಂಗಸು ಬೆರಳು ಮಡಿಸಿ ಎಣಿಸಿದರು: ಸೋಮವಾರದ ಸಂಘ, ಗುರುವಾರದ ಸಂಘ, ಚೀಟಿ, ಓಲೆ ಗಿರವಿ. ಬೈಲಕುಪ್ಪೆಯ ಅಜ್ಜಿ ಒಂದೇ ಮಾತು ಹೇಳಿದರು: "ಮಗಳು. ಟೊರಾಂಟೊ."

ಒಂದು ಕುತೂಹಲದ ಸಂಗತಿ. ಟಿಬೆಟಿಯನ್ನರಿಗಾಗಿ ಹುಟ್ಟಿದ ಅದೇ ಮೈರಾಡ 1980ರ ದಶಕದಲ್ಲಿ ಹಳ್ಳಿಗಳಲ್ಲಿ ಬಡವರ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. ದೇಶದಲ್ಲಿ ಸ್ವಸಹಾಯ ಸಂಘಗಳ ದಾರಿ ಮಾಡಿದವರಲ್ಲಿ ಅದೂ ಒಂದು. ಇವತ್ತು ವಾರ ವಾರ ಕಂತು ವಸೂಲಿಗೆ ಬರುವ ಕಂಪನಿಯವರೂ "ಸಂಘ" ಎಂಬ ಹೆಸರನ್ನೇ ಹೇಳಿಕೊಳ್ಳುತ್ತಾರೆ. ಎರಡೂ ಬೇರೆ. ಯಾವ ಸಂಘ ಎಂದು ಬಿಡಿಸಿ ಕೇಳಿ.

ದೊಡ್ಡ ಮೋಸ ಹೋಗುವುದು ಕಣ್ಣಿಗೆ ಕಾಣುವ ಸಂಪತ್ತಿನಿಂದ. ಬೈಲಕುಪ್ಪೆ ಅಂದ ಕೂಡಲೇ ಗೋಲ್ಡನ್ ಟೆಂಪಲ್ ನೆನಪಾಗುತ್ತದೆ. ಪೆನೋರ್ ರಿಂಪೋಚೆ 1963ರಲ್ಲಿ ಶುರು ಮಾಡಿದ ನಮ್ಡ್ರೋಲಿಂಗ್ ಮಠ ಅದು. ಆ ಚಿನ್ನದ ಬಣ್ಣದ ಬುದ್ಧನನ್ನು ನೋಡಿ ಬಂದವರು "ಅವರಿಗೇನು ಕಡಿಮೆ" ಅನ್ನುತ್ತಾರೆ. ಮಠದ ಹಣ ಮಠದ್ದು. ಎರಡು ಕಿಲೋಮೀಟರ್ ಒಳಗೆ ಹೋದರೆ ಮುಸುಕಿನ ಜೋಳದ ಹೊಲದ ಪಕ್ಕ ಹಂಚಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಮಕ್ಕಳು ಯಾರೂ ಇಲ್ಲ. ಹಾಗೆಯೇ ಮಂಡ್ಯದ ಬೀದಿಯಲ್ಲಿ ಒಂದು ಮನೆಗೆ ಎರಡು ಬೈಕು ಕಂಡರೆ ಖುಷಿಪಟ್ಟು ಬರೆಯಬೇಡಿ. ಕಂತು ಎಷ್ಟು ಉಳಿದಿದೆ ಕೇಳಿ.

ಈಗ ಕಾಗದದ ವಿಷಯ. ಇದಕ್ಕೆ ಒಂದು ಇಡೀ ದಿನ ಇಟ್ಟುಕೊಳ್ಳಿ.

"ಮನೆಯಲ್ಲಿ ತುಂಬಾ ಜೋಪಾನವಾಗಿ ಇಟ್ಟಿರೋ ಕಾಗದ ಯಾವುದು, ತೋರಿಸ್ತೀರಾ?" ಇಷ್ಟೇ ಪ್ರಶ್ನೆ. ಬೈಲಕುಪ್ಪೆಯ ಅಜ್ಜಿ ದೇವರ ಕೋಣೆಗೆ ಹೋದರು. ದಲೈಲಾಮಾ ಫೋಟೋದ ಕೆಳಗೆ, ನೀರಿನ ಬಟ್ಟಲುಗಳ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪುಸ್ತಕ ತಂದರು. ಅದು ಆರ್‌ಸಿ, ವಿದೇಶಿಯರೆಂದು ನೋಂದಾಯಿಸಿದ ದಾಖಲೆ. ನವೀಕರಣದ ಮೊಹರು ಒಂದರ ಮೇಲೊಂದು. 60 ವರ್ಷ ಈ ಮಣ್ಣಿನಲ್ಲಿ ಜೋಳ ಬೆಳೆದವರು ಪುಸ್ತಕದಲ್ಲಿ ಇನ್ನೂ ಹೊರಗಿನವರು. ಅವರ ಎಕರೆ ಸರ್ಕಾರ ಗುತ್ತಿಗೆಗೆ ಕೊಟ್ಟದ್ದು, ಮಾರುವ ಹಾಗಿಲ್ಲ. ವಿದೇಶಕ್ಕೆ ಹೋಗುವವರಿಗೆ ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಗುರುತಿನ ಪುಸ್ತಕ.

ಮಂಡ್ಯದ ಹೆಂಗಸು ಅಟ್ಟದಿಂದ ಬಿಸ್ಕತ್ತಿನ ತಗಡಿನ ಡಬ್ಬ ಇಳಿಸಿದರು. ಒಳಗೆ ವೋಟರ್ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಮಾವನ ಕಾಲದ ಕಾರ್ಖಾನೆಯ ಒಂದು ಚೀಟಿ, ಹರಿದಿದ್ದಕ್ಕೆ ಅಂಟು ಹಾಕಿದ್ದು. ಆ ಚೀಟಿ ಯಾಕೆ? ಜಾತಿ ಪತ್ರ ಮಾಡಿಸಲು ಹೋದರೆ 1950ಕ್ಕೂ ಮುಂಚೆ ಇಲ್ಲೇ ಇದ್ದಿರಿ ಅನ್ನುವುದಕ್ಕೆ ಆಧಾರ ಕೇಳಿದರಂತೆ. ಎಲ್ಲಾ ಇದೆ, ಹಕ್ಕುಪತ್ರ ಒಂದಿಲ್ಲ. ಮೂರು ತಲೆಮಾರಿನಿಂದ ವೋಟು ಹಾಕುತ್ತಿರುವ ಮನೆ ನಿಂತಿರುವ ಜಾಗ ಇನ್ನೂ ಅವರದ್ದಾಗಿಲ್ಲ.

ಹುಡುಗಿ ಅವತ್ತು ರಾತ್ರಿ ಊಟ ಮಾಡುತ್ತಾ ಸುಮ್ನೆ ಕೂತುಬಿಟ್ಟಳು. "ಅತ್ತೆ, ಅವರಿಗೆ ನೆಲ ಇದೆ, ವೋಟಿಲ್ಲ. ಇವರಿಗೆ ವೋಟಿದೆ, ನೆಲ ಇಲ್ಲ" ಅಂದಳು. ಬರ್ಕೋ, ಆದರೆ ಇಷ್ಟು ನೀಟಾಗಿ ಬರೆಯಬೇಡ ಅಂದೆ. ಯಾಕೆಂದರೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತದ ಪ್ರಜೆಗಳು. ದೆಹಲಿ ಹೈಕೋರ್ಟ್ 2010ರಲ್ಲಿ ಟಿಬೆಟಿಯನ್ ಹೆಣ್ಣುಮಗಳೊಬ್ಬಳ ಪಾಸ್‌ಪೋರ್ಟ್ ಕೇಸಿನಲ್ಲಿ ಇದನ್ನೇ ಹೇಳಿತು. ಹಾಗಾಗಿ ಕ್ಯಾಂಪಿನ ಮಧ್ಯವಯಸ್ಕರಲ್ಲಿ ಕೆಲವರು ಮತದಾರರ ಪಟ್ಟಿಗೆ ಸೇರಿದ್ದಾರೆ. ಊರಿಗೆ ವಾಪಸ್ ಹೋಗುವ ಆಸೆ ಬಿಟ್ಟ ಹಾಗಾಗುತ್ತೆ ಎಂದು ಬೇಡ ಅಂದವರೂ ಇದ್ದಾರೆ. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಪುನರ್ವಸತಿ ನೀತಿ ತಂದು ಗುತ್ತಿಗೆ ಪತ್ರ, ಸರ್ಕಾರಿ ಯೋಜನೆಗಳ ಲಾಭ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಒಂದೇ ಮನೆಯಲ್ಲಿ ಅಜ್ಜಿಗೆ ಒಂದು ಕಾಗದ, ಮಗನಿಗೆ ಇನ್ನೊಂದು, ಮೊಮ್ಮಗಳಿಗೆ ಮತ್ತೊಂದು ಇರಬಹುದು. ಮನೆಗೆ ಒಂದು ಗೆರೆ ಸಾಲದು, ತಲೆಗೊಂದು ಗೆರೆ ಬೇಕು.

ಸಾಮಾಜಿಕ ಎಂಬ ಭಾಗಕ್ಕೆ ಭಾಷೆ, ಮದುವೆ, ಜಗಳ ಇಷ್ಟು ಸಾಕು. ಭಾಷೆಯನ್ನು ಕೇಳಬೇಡಿ, ಕಿವಿಗೊಡಿ. ಮಂಡ್ಯದ ಮನೆಯಲ್ಲಿ ಅಜ್ಜಿಯ ಜೊತೆ ತಮಿಳು, ಮಕ್ಕಳು ಮಕ್ಕಳಲ್ಲೇ "ಏನ್ಲಾ", "ಬಾರ್ಲಾ" ಅಂತ ಅಪ್ಪಟ ಮಂಡ್ಯದ ಮಾತು. ಕ್ಯಾಂಪಿನಲ್ಲಿ ಅಂಗಡಿಯವರ ಕನ್ನಡ ವ್ಯವಹಾರಕ್ಕೆ ತಕ್ಕಷ್ಟು, ಮಕ್ಕಳಿಗೆ ಟಿಬೆಟಿಯನ್, ಇಂಗ್ಲಿಷ್, ಹಿಂದಿ. ಜಗಳದ ವಿಷಯ ಮೊದಲ ದಿನ ಎತ್ತಲೇಬೇಡಿ. 1991ರ ಕಾವೇರಿ ಗಲಾಟೆ ಎಂಬ ಮಾತು ಬಂದರೆ ಈಗಲೂ ದನಿ ತಗ್ಗಿಸುವವರಿದ್ದಾರೆ. ಅವರಾಗಿ ಹೇಳಿದರೆ ಕೇಳಿ, ಪೆನ್ನು ಕೆಳಗಿಟ್ಟು ಕೇಳಿ. ಯಾರ ಹೆಸರೂ ವರದಿಯಲ್ಲಿ ಬೇಡ, ಮನೆ ನಂಬರ್ ಸಹ ಬೇಡ.

ಬರೆಯುವಾಗ ಒಂದೇ ಕಿವಿಮಾತು. "ಶ್ರಮಜೀವಿಗಳು", "ಸೋಮಾರಿಗಳು", "ಕುಡಿತಕ್ಕೆ ಬಿದ್ದವರು" ಎಂಬ ಪದ ಕೈಗೆ ಬಂದರೆ ನಿಲ್ಲಿಸಿ, ಮೊದಲ ಕಾಲಂಗೆ ಹೋಗಿ ಬಂದ ದಿನ ಏನು ಸಿಕ್ಕಿತ್ತು ನೋಡಿ. ನಾನು ತಿದ್ದಿದ ಎಷ್ಟೋ ವರದಿಗಳಲ್ಲಿ ಇಂಥ ಒಂದು ಪದ ಸಾಕಾಗಿತ್ತು, ಉಳಿದ 40 ಪುಟ ಹಾಳಾಗಲು.

ವರದಿ ಮುಗಿದ ಮೇಲೆ ಎರಡೂ ಕಡೆ ಒಂದೊಂದು ಜೆರಾಕ್ಸ್ ಕೊಟ್ಟು ಬನ್ನಿ. ನಾವೂ ಹೋಗಿದ್ದೆವು. ಮಂಡ್ಯದ ಆ ಹೆಂಗಸಿಗೆ ಓದಲು ಬಾರದು, ಹುಡುಗಿಯೇ ಓದಿ ಹೇಳಿದಳು. ಕೈಯಲ್ಲಿದ್ದ ಮಲ್ಲಿಗೆ ದಾರ ಬಿಡದೆ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಕೇಳಿದರು, "ಅವ್ರಿಗೆ ಜಮೀನು ಕೊಟ್ರಲ್ಲ ಕಣವ್ವ, ಆ ಪತ್ರ ಗಂಡಸಿನ ಹೆಸ್ರಿಗೆ ಕೊಟ್ರಾ, ಹೆಂಗಸಿನ ಹೆಸ್ರಿಗಾ?"

42 ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ಹುಡುಗಿ ಮತ್ತೆ ಬೈಲಕುಪ್ಪೆಗೆಂದು ಕುಶಾಲನಗರದ ಬಸ್ಸು ಹತ್ತಿದ್ದಾಳೆ.